ಸಹವಾಸ ದೋಷ: ಅಲರ್ಜಿಯ ಹಿಂದಿನ ಪಟಿಕದ ಕಥೆ

ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಹಾಸಿಗೆ ಕೊಡವಿದೊಡನೆ ಸೀನು ಶುರುವಾಗುತ್ತದೆ. ಇನ್ನೊಬ್ಬ ಅದೇ ಹಾಸಿಗೆಯ ಮೇಲೆ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾನೆ. ಹೂವಿನ ಪರಾಗ, ಮನೆಯ ದೂಳು, ಕಡಲೆಕಾಯಿ, ಮೊಟ್ಟೆಯ ಬಿಳಿ ಲೋಳೆ ಇವು ಯಾವುವೂ ವಿಷವಲ್ಲ, ರೋಗಾಣುವೂ ಅಲ್ಲ. ಕೋಟ್ಯಂತರ ಜನ ಇವುಗಳ ನಡುವೆಯೇ ಸುಖವಾಗಿ ಬದುಕುತ್ತಾರೆ. ಆದರೂ ಕೆಲವರ ದೇಹ ಇವನ್ನು ಕಂಡೊಡನೆ ಶತ್ರು ಊರ ಬಾಗಿಲಿಗೆ ಬಂದಂತೆ ಯುದ್ಧ ಸಾರಿಬಿಡುತ್ತದೆ. ಇದೇಕೆ ಹೀಗೆ?

ತಂದೆತಾಯಿಗಳಿಂದ ಬಂದ ಗುಣ ಇದರಲ್ಲಿ ಒಂದು ಪಾಲು ಎಂಬುದು ನಿಜ. ಆದರೆ ಅದೇ ಪೂರ್ತಿ ಉತ್ತರವಲ್ಲ. ಕಳೆದ ನೂರು ವರ್ಷಗಳ ಸಂಶೋಧನೆ ಇನ್ನೊಂದು ಸಂಗತಿಯತ್ತ ಬೆರಳು ಮಾಡಿದೆ. ಒಂದು ವಸ್ತು ದೇಹವನ್ನು ಮೊದಲ ಬಾರಿ ಪ್ರವೇಶಿಸಿದಾಗ ಅದರ ಜೊತೆಯಲ್ಲಿ ಇನ್ನೇನು ಬಂದಿತ್ತು ಎಂಬುದೂ ಮುಂದಿನ ಕಥೆಯನ್ನು ತೀರ್ಮಾನಿಸುತ್ತದೆ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಹೀಗೆ ಜೊತೆಯಲ್ಲಿ ಬಂದು ದೇಹದ ಪ್ರತಿಕ್ರಿಯೆಯನ್ನು ಹೆಚ್ಚಿಸುವ, ಅದರ ದಿಕ್ಕನ್ನೂ ತಿರುಗಿಸುವ ವಸ್ತುವಿಗೆ ವಿಜ್ಞಾನಿಗಳು ಇಟ್ಟ ಹೆಸರು ಅಡ್ಜುವೆಂಟ್. ‘ನೆರವಾಗು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದವನ್ನು ಕನ್ನಡದಲ್ಲಿ ‘ಸಹಾಯಕ ದ್ರವ್ಯ’ ಎನ್ನಬಹುದು. ಮದ್ದನ್ನು ಜೇನುತುಪ್ಪದಲ್ಲೋ ಹಾಲಿನಲ್ಲೋ ಕೊಡುವ ಆಯುರ್ವೇದದ ‘ಅನುಪಾನ’ವನ್ನು ಬಲ್ಲವರಿಗೆ ಈ ಕಲ್ಪನೆ ತೀರ ಹೊಸದೆನಿಸದು.

ಅಲರ್ಜಿಗೆ ಹೆಸರು ಬಂದದ್ದು

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲಾಕ್ಲಿ ಬೇಸಿಗೆಯಲ್ಲಿ ತನ್ನನ್ನು ಕಾಡುತ್ತಿದ್ದ ನೆಗಡಿಗೆ ಹುಲ್ಲಿನ ಪರಾಗವೇ ಕಾರಣವೆಂದು ತನ್ನ ಮೈಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ. 1873ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ‘ಅಲರ್ಜಿ’ ಎಂಬ ಪದವನ್ನು ಟಂಕಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಒಮ್ಮೆ ಪರಿಚಯವಾದ ವಸ್ತುವಿಗೆ ದೇಹ ಎರಡನೆಯ ಬಾರಿ ಬೇರೆಯದೇ ರೀತಿಯಲ್ಲಿ ಪ್ರತಿಕ್ರಿಯಿಸುತ್ತದೆ ಎಂಬುದು ಆ ಪದದ ಮೂಲ ಆಶಯ.

ಈ ಬೇರೆ ಪ್ರತಿಕ್ರಿಯೆ ರಕ್ತದಲ್ಲಿ ಅಡಗಿದೆ ಎಂಬುದು ತಿಳಿದದ್ದು 1921ರಲ್ಲಿ. ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಪ್ರಾಸ್‌ನಿಟ್ಸ್ ಎಂಬ ವಿಜ್ಞಾನಿ, ಮೀನು ಒಗ್ಗದ ತನ್ನ ಸಹೋದ್ಯೋಗಿ ಹೈನ್ಸ್ ಕ್ಯುಸ್ಟ್ನರನ ರಕ್ತದ್ರವವನ್ನು ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ, ಮೀನು ತಿಂದು ಎಂದೂ ತೊಂದರೆಪಡದ ಅವನ ಚರ್ಮದಲ್ಲಿ ದದ್ದು ಎದ್ದಿತು. ರಕ್ತದಲ್ಲಿದ್ದ ಆ ಅಗೋಚರ ವಸ್ತು ಏನೆಂದು ಪತ್ತೆಯಾಗಲು ಇನ್ನೂ 45 ವರ್ಷ ಬೇಕಾಯಿತು. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಜಾಕಾ ದಂಪತಿ ಹಾಗೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ 1966-67ರಲ್ಲಿ ಬೇರೆ ಬೇರೆಯಾಗಿ ಅದನ್ನು ಗುರುತಿಸಿದರು. ಅದೇ ಇಮ್ಯುನೊಗ್ಲಾಬ್ಯುಲಿನ್-ಇ, ಚುಟುಕಾಗಿ ಐಜಿ-ಇ ಎಂಬ ಪ್ರತಿಕಾಯ. ಇದು ಚರ್ಮ, ಮೂಗು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕುಳಿತು ಕಾಯುತ್ತಿರುತ್ತದೆ. ಪರಾಗವೋ ದೂಳೋ ಬಂದು ತಗುಲಿದೊಡನೆ ಆ ಕೋಶಗಳು ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಸುರಿಸುತ್ತವೆ. ಸೀನು, ತುರಿಕೆ, ಉಬ್ಬಸ ಎಲ್ಲವೂ ಅದರ ಫಲ.

ಹಾಗಾದರೆ ದೇಹ ಐಜಿ-ಇ ತಯಾರಿಸಲು ಮೊದಲು ತೀರ್ಮಾನಿಸುವುದು ಯಾವಾಗ, ಏಕೆ? ಈ ಪ್ರಶ್ನೆಗೆ ದಾರಿ ತೆರೆದದ್ದು ಅಲರ್ಜಿಯ ವೈದ್ಯರಲ್ಲ, ಕುದುರೆ ಲಾಯದಲ್ಲಿ ಕೆಲಸ ಮಾಡುತ್ತಿದ್ದ ಪಶುವೈದ್ಯ.

ಕುದುರೆಗೆ ಮರಗೆಣಸು, ಲಸಿಕೆಗೆ ಪಟಿಕ

1920ರ ದಶಕದಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ, ಮಕ್ಕಳ ಪಾಲಿನ ಮೃತ್ಯುವಾಗಿತ್ತು. ಅದರ ಮದ್ದು ಕುದುರೆಗಳಿಂದ ಬರುತ್ತಿತ್ತು. ರೋಗಾಣುವಿನ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವೇ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಸಂಗ್ರಹಿಸುತ್ತಿದ್ದರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಗ್ಯಾಸ್ಟನ್ ರಾಮೊನ್ ಒಂದು ವಿಚಿತ್ರವನ್ನು ಗಮನಿಸಿದ. ಸೂಜಿ ಚುಚ್ಚಿದ ಜಾಗದಲ್ಲಿ ಕೀವುಗಟ್ಟಿ ಬಾತುಕೊಂಡ ಕುದುರೆಗಳಲ್ಲಿ ಪ್ರತಿವಿಷ ಹೆಚ್ಚು ಸಿಗುತ್ತಿತ್ತು. ಬಾವು ನೆರವಾಗುವುದಾದರೆ ಅದನ್ನು ಬೇಕೆಂದೇ ಏಕೆ ಉಂಟುಮಾಡಬಾರದು ಎಂದು ಆತ ಚುಚ್ಚುಮದ್ದಿಗೆ ಬ್ರೆಡ್ಡಿನ ಪುಡಿ ಬೆರೆಸಿದ, ಟಪಿಯೋಕಾ ಬೆರೆಸಿದ. ನಮ್ಮಲ್ಲಿ ಸಬ್ಬಕ್ಕಿ ತಯಾರಾಗುವುದು ಇದೇ ಮರಗೆಣಸಿನ ಹಿಟ್ಟಿನಿಂದ. ಪ್ರತಿವಿಷದ ಪ್ರಮಾಣ ಏರಿತು. 1925ರ ಸುಮಾರಿಗೆ ಆತ ಇಂಥ ವಸ್ತುಗಳನ್ನು ‘ಸಹಾಯಕ’ ಎಂದು ಕರೆದ.

ಅದರ ಮರುವರ್ಷವೇ, 1926ರಲ್ಲಿ, ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದ ಅಲೆಕ್ಸಾಂಡರ್ ಗ್ಲೆನಿ ಮತ್ತು ಸಂಗಡಿಗರು ಪಟಿಕದ ಗುಣವನ್ನು ಕಂಡರು. ಪಟಿಕ ನಮಗೆ ಹೊಸದಲ್ಲ. ಕದಡಿದ ನೀರಿನಲ್ಲಿ ಅದನ್ನು ಆಡಿಸಿದರೆ ಮಣ್ಣಿನ ಕಣಗಳು ಒಟ್ಟುಗೂಡಿ ತಳ ಸೇರುತ್ತವೆ. ಕ್ಷೌರಿಕರು ಕತ್ತಿ ತಗುಲಿದ ಗಾಯಕ್ಕೆ ಅದನ್ನೇ ಉಜ್ಜುತ್ತಿದ್ದರು. ನೀರನ್ನು ತಿಳಿಯಾಗಿಸುವ ಆ ಗುಣವೇ ಗ್ಲೆನಿಗೂ ಒದಗಿತು. ಪಳಗಿಸಿದ ಡಿಫ್ತೀರಿಯಾ ವಿಷಕ್ಕೆ ಪಟಿಕ ಸೇರಿಸಿದಾಗ ಅದು ಗಷ್ಟಾಗಿ ತಳಕ್ಕಿಳಿಯಿತು. ಆ ಗಷ್ಟನ್ನು ಗಿನಿ ಪಿಗ್‌ಗಳಿಗೆ ಚುಚ್ಚಿದಾಗ ಬರಿಯ ದ್ರಾವಣಕ್ಕಿಂತ ಎಷ್ಟೋ ಬಲವಾದ ರಕ್ಷಣೆ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಅಲ್ಯೂಮಿನಿಯಂ ಲವಣಗಳು ಲಸಿಕೆಗಳ ಸಂಗಾತಿಗಳಾಗಿ ಉಳಿದಿವೆ. ಈಗ ಬಳಸುವುದು ಹೆಚ್ಚಾಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಥವಾ ಫಾಸ್ಫೇಟ್. ಪ್ರಯೋಗಾಲಯದ ಮಾತಿನಲ್ಲಿ ಮಾತ್ರ ಅವೂ ಪಟಿಕವೇ.

ಪಟಿಕ ಹೇಗೆ ಕೆಲಸ ಮಾಡುತ್ತದೆ? ಗ್ಲೆನಿಯ ಉತ್ತರ ಸರಳವಾಗಿತ್ತು: ಅದು ಲಸಿಕೆಯನ್ನು ಒಂದೆಡೆ ಹಿಡಿದಿಟ್ಟು ಕಣಜದಂತೆ ದಿನವೂ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ಎಂಟು ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನೇ ಹೇಳಿದವು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಲಿಯ ಕಿವಿಗೆ ಪಟಿಕದ ಲಸಿಕೆ ಚುಚ್ಚಿ ಕೆಲವೇ ಗಂಟೆಗಳಲ್ಲಿ ಆ ಕಿವಿಯ ಭಾಗವನ್ನೇ ತೆಗೆದುಹಾಕಿದರೂ ಪ್ರತಿಕ್ರಿಯೆ ಕುಗ್ಗಲಿಲ್ಲ. ಕಣಜ ಹೋದರೂ ಫಸಲು ಬಂದಿತ್ತು! ಪಟಿಕದ ಹರಳುಗಳು ಸುತ್ತಲಿನ ಜೀವಕೋಶಗಳನ್ನು ಗಾಸಿಗೊಳಿಸುತ್ತವೆ, ಆ ಕೋಶಗಳು ಸಾಯುವಾಗ ಹೊರಬರುವ ವಸ್ತುಗಳು ದೇಹಕ್ಕೆ ಅಪಾಯದ ಸೂಚನೆ ಕೊಡುತ್ತವೆ ಎಂಬುದು ಈಗಿನ ವಿವರಣೆಯ ಮುಖ್ಯ ಎಳೆ.

ಎರಡು ದಾರಿ

ಶುದ್ಧವಾದ ಪ್ರೋಟೀನೊಂದನ್ನು ಹಾಗೆಯೇ ಚುಚ್ಚಿದರೆ ದೇಹ ಬಹುಮಟ್ಟಿಗೆ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಪಟಿಕವನ್ನೋ ಸತ್ತ ಬ್ಯಾಕ್ಟೀರಿಯಾವನ್ನೋ ಬೆರೆಸಿದರೆ ಮಾತ್ರ ಎಚ್ಚರಗೊಳ್ಳುತ್ತದೆ. ಇದು ತಜ್ಞರೆಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳದ ಗುಟ್ಟಾಗಿದೆ ಎಂದು ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಟೀಕಿಸಿದ. ಅಪರಿಚಿತನಾದ ಮಾತ್ರಕ್ಕೆ ದೇಹ ಯಾರ ಮೇಲೂ ಏರಿಹೋಗುವುದಿಲ್ಲ, ಅಪಾಯದ ಗುರುತು ಜೊತೆಗಿದ್ದರೆ ಮಾತ್ರ ಏರಿಹೋಗುತ್ತದೆ ಎಂಬುದು ಅವನ ವಾದ. ಆ ಗುರುತುಗಳನ್ನು ಓದುವ ‘ಟೋಲ್’ ಗ್ರಾಹಕಗಳು 1990ರ ದಶಕದಲ್ಲಿ ಪತ್ತೆಯಾದವು. ಆ ಕೆಲಸಕ್ಕಾಗಿ ಜೂಲ್ಸ್ ಹಾಫ್‌ಮನ್ ಮತ್ತು ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಎಚ್ಚರಿಸುವುದು ಒಂದಾದರೆ, ಯಾವ ದಿಕ್ಕಿಗೆ ಎಚ್ಚರಿಸುವುದು ಎಂಬುದು ಇನ್ನೊಂದು. ದೇಹದ ರಕ್ಷಣಾಪಡೆಗೆ ಆಜ್ಞೆ ಕೊಡುವ ಟಿ-ಸಹಾಯಕ ಕೋಶಗಳಲ್ಲಿ ಎರಡು ಬಗೆಗಳಿವೆ ಎಂದು ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್ 1986ರಲ್ಲಿ ತೋರಿಸಿದರು. ಮೊದಲನೆಯ ಬಗೆ ಕೋಶಗಳೊಳಗೆ ಅವಿತ ರೋಗಾಣುಗಳನ್ನು ಬೇಟೆಯಾಡಲು ಆಜ್ಞೆ ಕೊಡುತ್ತದೆ. ಎರಡನೆಯ ಬಗೆ ಜಂತುಹುಳುಗಳಂಥ ಶತ್ರುಗಳಿಗೆ ತಕ್ಕದ್ದು. ಐಜಿ-ಇ ತಯಾರಾಗುವುದು ಇದರ ಆಜ್ಞೆಯಿಂದ. ಮುಂದೆ ಇನ್ನೂ ಹಲವು ಬಗೆಗಳು ಪತ್ತೆಯಾಗಿ ಈ ಚಿತ್ರ ಜಟಿಲವಾಯಿತು. ಆದರೂ ಅಲರ್ಜಿಯನ್ನು ಅರಿಯಲು ಈ ಎರಡು ದಾರಿಗಳ ಕಲ್ಪನೆ ಇಂದಿಗೂ ಉಪಯುಕ್ತ.

ಇಲಿಗಳಲ್ಲಿ ಪಟಿಕ ಎರಡನೆಯ ದಾರಿಗೆ, ಅಲರ್ಜಿಯ ದಾರಿಗೆ ತಳ್ಳುತ್ತದೆ. ಜೂಲ್ಸ್ ಫ್ರಾಯಿಂಡ್ ಎಂಬಾತ ರೂಪಿಸಿದ, ಎಣ್ಣೆಯಲ್ಲಿ ಸತ್ತ ಕ್ಷಯರೋಗಾಣು ಬೆರೆಸಿದ ಮಿಶ್ರಣ ಮೊದಲನೆಯ ದಾರಿಗೆ ತಳ್ಳುತ್ತದೆ. ಪ್ರೋಟೀನು ಒಂದೇ, ಪ್ರಾಣಿ ಒಂದೇ. ಬದಲಾದದ್ದು ಸಹವಾಸ ಮಾತ್ರ.

ಮೊಟ್ಟೆಯ ಬಿಳಿ, ಇಲಿಯ ಉಬ್ಬಸ

ಈ ತಿಳಿವಳಿಕೆ ಅಲರ್ಜಿ ಸಂಶೋಧನೆಗೆ ದೊಡ್ಡ ಸಾಧನವಾಯಿತು. ಇಲಿಗಳಿಗೆ ತಾವಾಗಿಯೇ ಉಬ್ಬಸ ಬರುವುದಿಲ್ಲ. ಬರಿಸಬೇಕಾದರೆ ಉಪಾಯ ಬೇಕು. ಪಟಿಕದೊಂದಿಗೆ ಬೆರೆಸಿದ ಅತ್ಯಲ್ಪ ಪ್ರೋಟೀನು ಇಲಿಗಳಲ್ಲಿ ಬಹುಕಾಲ ನಿಲ್ಲುವ ಐಜಿ-ಇ ಹುಟ್ಟಿಸುತ್ತದೆ ಎಂದು ಲೆವೀನ್ ಮತ್ತು ವಾಜ್ 1970ರಲ್ಲಿ ವರದಿ ಮಾಡಿದ್ದರು. ಇದರಿಂದ ಒಂದು ಸಿದ್ಧ ಕ್ರಮ ಬೆಳೆಯಿತು. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬುಮಿನ್ ಎಂಬ ಪ್ರೋಟೀನನ್ನು ಪಟಿಕದೊಂದಿಗೆ ಬೆರೆಸಿ ಇಲಿಯ ಹೊಟ್ಟೆಗೆ ಒಂದೆರಡು ವಾರಗಳ ಅಂತರದಲ್ಲಿ ಎರಡು ಬಾರಿ ಚುಚ್ಚುವುದು. ಆಮೇಲೆ ಅದೇ ಪ್ರೋಟೀನನ್ನು ಮಂಜಿನಂತೆ ಸಿಂಪಡಿಸಿ ಉಸಿರಾಡಿಸುವುದು. ಇಲಿಯ ಶ್ವಾಸಕೋಶದಲ್ಲಿ ಬಾವು, ಲೋಳೆ, ನಾಳಗಳ ಬಿಗಿತ ಕಾಣಿಸಿಕೊಳ್ಳುತ್ತವೆ. ಜಗತ್ತಿನ ನಾನಾ ಕಡೆ ಉಬ್ಬಸದ ಅಧ್ಯಯನ ದಶಕಗಳ ಕಾಲ ಈ ಇಲಿಗಳನ್ನೇ ನಂಬಿಕೊಂಡಿತ್ತು.

ಪಟಿಕವಿಲ್ಲದೆ ಶುದ್ಧ ಓವಾಲ್ಬುಮಿನ್ನನ್ನೇ ಉಸಿರಾಡಿಸಿದರೆ ಏನಾಗುತ್ತದೆ? ಸಾಮಾನ್ಯವಾಗಿ ಉಬ್ಬಸ ಬರುವುದಿಲ್ಲ. ಬದಲಿಗೆ ಇಲಿಯ ದೇಹ ಅದನ್ನು ಸಹಿಸಿಕೊಳ್ಳಲು ಕಲಿಯುತ್ತದೆ! ಅಂದರೆ ಈ ಕೃತಕ ಉಬ್ಬಸದಲ್ಲಿ ಮೊಟ್ಟೆಯ ಪಾಲಿನಷ್ಟೇ ಪಟಿಕದ ಪಾಲೂ ಇದೆ. ಇಲ್ಲೇ ಒಂದು ತೊಡಕು ಹುಟ್ಟಿತು. ಸಂಶೋಧಕರು ಅರಿಯುತ್ತಿರುವುದು ಉಬ್ಬಸವನ್ನೋ, ಪಟಿಕವನ್ನೋ?

ಇದು ಬರಿಯ ತರ್ಕದ ಪ್ರಶ್ನೆಯಾಗಿರಲಿಲ್ಲ. ಪಟಿಕ ಬಳಸಿದ ಪ್ರಯೋಗಗಳಲ್ಲಿ ಮಾಸ್ಟ್ ಕೋಶಗಳೇ ಇಲ್ಲದ ಇಲಿಗಳಿಗೂ ಉಬ್ಬಸ ಬರುತ್ತಿತ್ತು. ಹಾಗಾದರೆ ಆ ಕೋಶಗಳು ಮುಖ್ಯವಲ್ಲವೇ ಎಂಬ ಸಂದೇಹ ಎದ್ದಿತು. 2000ದಲ್ಲಿ ವಿಲಿಯಮ್ಸ್ ಮತ್ತು ಗ್ಯಾಲಿ ಎಂಬ ವಿಜ್ಞಾನಿಗಳು ಸಹಾಯಕ ದ್ರವ್ಯವನ್ನು ಕೈಬಿಟ್ಟು ಪ್ರಯೋಗ ನಡೆಸಿದಾಗ ಮಾಸ್ಟ್ ಕೋಶಗಳ ಪಾತ್ರ ಎದ್ದು ಕಂಡಿತು. ಪಟಿಕದ ಹೊಡೆತ ಎಷ್ಟು ಬಲವಾಗಿತ್ತೆಂದರೆ ಉಳಿದೆಲ್ಲದರ ದನಿ ಅದರಲ್ಲಿ ಮುಳುಗಿಹೋಗಿತ್ತು. ಇಲಿಯ ಮೇಲೆ ಗೆದ್ದ ಔಷಧ ಮನುಷ್ಯರಲ್ಲಿ ಸೋತಾಗ ಇಂಥ ಪಾಠಗಳನ್ನು ನೆನೆಯಬೇಕಾಗುತ್ತದೆ.

ಪ್ರಕೃತಿಯೇ ಬೆರೆಸಿದ ಪಟಿಕ

ಮನುಷ್ಯರಾರೂ ಪಟಿಕ ಬೆರೆಸಿದ ಪರಾಗವನ್ನು ಹೊಟ್ಟೆಗೆ ಚುಚ್ಚಿಸಿಕೊಂಡು ಅಲರ್ಜಿ ತಂದುಕೊಂಡವರಲ್ಲ. ಅಂದಮೇಲೆ ನಿತ್ಯಜೀವನದಲ್ಲಿ ಆ ಕೆಲಸ ಮಾಡುವವರು ಯಾರು?

ಕೆಲವು ಕಡೆ ಅಲರ್ಜಿಯ ವಸ್ತುವೇ ತನ್ನ ಸಹಾಯಕನನ್ನು ಒಳಗಿಟ್ಟುಕೊಂಡಿರುತ್ತದೆ. ಹಾಸಿಗೆ ದಿಂಬುಗಳಲ್ಲಿ ನಮ್ಮ ಉದುರಿದ ಚರ್ಮದ ಹೊಟ್ಟು ತಿಂದು ಬದುಕುವ ದೂಳಿನ ನುಸಿ, ತೆಂಗಿಗೆ ಬರುವ ನುಸಿಪೀಡೆಯ ನುಸಿಗೆ ದೂರದ ನೆಂಟ. ಅದರ ಹಿಕ್ಕೆಯಲ್ಲಿರುವ ಒಂದು ಪ್ರೋಟೀನು ಕತ್ತರಿಯಂತೆ ಶ್ವಾಸನಾಳದ ಒಳಪದರದ ಹೊಲಿಗೆಯನ್ನು ಬಿಚ್ಚುತ್ತದೆ. ಇನ್ನೊಂದು ಪ್ರೋಟೀನಿನ ಆಕಾರ, ಬ್ಯಾಕ್ಟೀರಿಯಾದ ಸುಳಿವು ಹಿಡಿಯುವ ನಮ್ಮದೇ ಗ್ರಾಹಕದ ಒಂದು ಭಾಗವನ್ನು ಹೋಲುತ್ತದೆ. ಅದು ಆ ಗ್ರಾಹಕವನ್ನು ಮೋಸಗೊಳಿಸಿ ಎಚ್ಚರಿಕೆಯ ಗಂಟೆ ಬಾರಿಸುತ್ತದೆ ಎಂದು 2009ರಲ್ಲಿ ತಿಳಿದುಬಂತು. ಓವಾಲ್ಬುಮಿನ್ನಿಗೆ ಬದಲು ನುಸಿಯ ಸಾರವನ್ನೇ ಇಲಿಯ ಮೂಗಿಗೆ ಬಿಡುವ ಪ್ರಯೋಗಗಳು ಈಚೆಗೆ ಹೆಚ್ಚಿರುವುದಕ್ಕೆ ಇದೇ ಕಾರಣ. ಅಲ್ಲಿ ಪಟಿಕ ಬೇಕಿಲ್ಲ.

ಇನ್ನು ಕೆಲವು ಕಡೆ ಸಹಾಯಕ ಹೊರಗಿನಿಂದ ಬರುತ್ತಾನೆ. ಜಪಾನಿನಲ್ಲಿ ಸುಗಿ ಎಂಬ ಮರದ ಪರಾಗದಿಂದ ಬರುವ ನೆಗಡಿ ಇಂದು ಮನೆಮಾತು. ಅಲ್ಲಿ ಅದನ್ನು ಮೊದಲು ಗುರುತಿಸಿದ್ದು 1960ರ ದಶಕದಲ್ಲಿ, ಸುಗಿ ಮರಗಳಿಗೆ ಹೆಸರಾದ ನಿಕ್ಕೋ ಪಟ್ಟಣದ ವೈದ್ಯರು. ಮರಗಳಂತೂ ಶತಮಾನಗಳಿಂದ ಇದ್ದವು. ಯುದ್ಧಾನಂತರ ಬೆಟ್ಟಗಳ ಮೇಲೆ ಇನ್ನಷ್ಟು ಸುಗಿ ನೆಟ್ಟದ್ದು ನಿಜ. ಆದರೆ ಅದೇ ಪ್ರದೇಶದಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಾಹನ ಸಂಚಾರ ವಿರಳವಾದ ಕಾಡಿನವರಿಗಿಂತ ವಾಹನ ದಟ್ಟಣೆಯ ಹೆದ್ದಾರಿಯ ಬದಿಯ ಸುಗಿ ಮರಗಳ ನಡುವೆ ಬದುಕುವವರಲ್ಲಿ ಈ ತೊಂದರೆ ಹೆಚ್ಚಾಗಿತ್ತು. ಅದಕ್ಕೆ ಒಂದು ವರ್ಷ ಮೊದಲು ಜಪಾನಿನ ಮುರಾನಾಕಾ ಮತ್ತು ಸಂಗಡಿಗರು, ಡೀಸೆಲ್ ಹೊಗೆಯ ಮಸಿ ಇಲಿಗಳಲ್ಲಿ ಪಟಿಕದಂತೆಯೇ ಐಜಿ-ಇ ಹೆಚ್ಚಿಸುವುದನ್ನು ತೋರಿಸಿದ್ದರು.

ಮನುಷ್ಯರಲ್ಲಿ ಇದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು 1999ರಲ್ಲಿ. ಕ್ಯಾಲಿಫೋರ್ನಿಯಾದ ಡಯಾಜ್-ಸಾಂಚೆಜ್ ಮತ್ತು ಸಂಗಡಿಗರು, ಯಾರೂ ಸಾಮಾನ್ಯವಾಗಿ ಉಸಿರಾಡಿರದ ಒಂದು ಕಡಲ ಚಿಪ್ಪುಜೀವಿಯ ಪ್ರೋಟೀನನ್ನು ಅಲರ್ಜಿಯ ಪ್ರವೃತ್ತಿಯುಳ್ಳ ಸ್ವಯಂಸೇವಕರ ಮೂಗಿಗೆ ಬಿಟ್ಟರು. ಬರಿಯ ಪ್ರೋಟೀನು ಪಡೆದ 10 ಜನರಲ್ಲಿ ಒಬ್ಬರಲ್ಲೂ ಅದರ ವಿರುದ್ಧ ಐಜಿ-ಇ ಹುಟ್ಟಲಿಲ್ಲ. ಮೊದಲು ಡೀಸೆಲ್ ಮಸಿಯನ್ನೂ ಪಡೆದ 15 ಜನರಲ್ಲಿ 9 ಮಂದಿಗೆ ಹುಟ್ಟಿತು. ಹೊಗೆ ಅಲರ್ಜಿಯನ್ನು ಕೆರಳಿಸುವುದಷ್ಟೇ ಅಲ್ಲ, ಇಲ್ಲದ ಅಲರ್ಜಿಗೆ ಬೀಜ ಬಿತ್ತಲೂ ಬಲ್ಲದು ಎಂದಾಯಿತು. ವಾಹನಗಳಿಂದ ಕಿಕ್ಕಿರಿದ ಯಾವ ನಗರವೂ ಇದನ್ನು ಕಡೆಗಣಿಸುವಂತಿಲ್ಲ.

ಸಹವಾಸ ಯಾವಾಗಲೂ ಕೆಡುಕೇ ಎಂದಲ್ಲ. ಅಳತೆಯೂ ಮುಖ್ಯ. ಸೆಗಣಿ, ಕೊಟ್ಟಿಗೆಯ ದೂಳುಗಳಲ್ಲಿ ಹೇರಳವಾಗಿರುವ, ಬ್ಯಾಕ್ಟೀರಿಯಾಗಳ ಹೊರಪೊರೆಯ ವಸ್ತು ಎಂಡೊಟಾಕ್ಸಿನ್. ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓವಾಲ್ಬುಮಿನ್ ಜೊತೆ ಇದನ್ನು ಸ್ವಲ್ಪ ಉಸಿರಾಡಿಸಿದರೆ ಇಲಿಗಳು ಅಲರ್ಜಿಯ ದಾರಿ ಹಿಡಿದವು. ಹೆಚ್ಚು ಉಸಿರಾಡಿಸಿದರೆ ಇನ್ನೊಂದು ದಾರಿ ಹಿಡಿದವು. ಅಮೆರಿಕದ ಎರಡು ರೈತ ಸಮುದಾಯಗಳಲ್ಲಿ ಇದರ ನೆರಳು ಕಾಣುತ್ತದೆ. ಆಮಿಶ್ ಮತ್ತು ಹಟರೈಟ್ ಎಂಬ ಈ ಸಮುದಾಯಗಳ ಪೂರ್ವಿಕರು ಮಧ್ಯ ಯುರೋಪಿನವರು. ಇವರ ವಂಶಗುಣ, ಆಹಾರ, ಕುಟುಂಬದ ಗಾತ್ರ ಹೆಚ್ಚುಕಡಿಮೆ ಒಂದೇ. ಆಮಿಶರು ಕುದುರೆ ಕಟ್ಟಿ ಉಳುತ್ತಾರೆ, ಅವರ ಕೊಟ್ಟಿಗೆ ಮನೆಯ ಪಕ್ಕದಲ್ಲೇ. ಹಟರೈಟರದು ದೂರದಲ್ಲಿ ಯಂತ್ರಗಳಿಂದ ನಡೆಯುವ ಸಾಮೂಹಿಕ ಬೇಸಾಯ. ಶಾಲಾ ಮಕ್ಕಳಲ್ಲಿ ಉಬ್ಬಸದ ಪ್ರಮಾಣ ಆಮಿಶರಲ್ಲಿ ಶೇ 5.2, ಹಟರೈಟರಲ್ಲಿ ಶೇ 21.3. ಆಮಿಶ್ ಮನೆಗಳ ದೂಳಿನಲ್ಲಿ ಎಂಡೊಟಾಕ್ಸಿನ್ 6.8 ಪಟ್ಟು ಹೆಚ್ಚಿತ್ತು. ಆ ದೂಳಿನ ಸಾರವನ್ನು ಇಲಿಗಳ ಮೂಗಿಗೆ ಬಿಟ್ಟಾಗ ಅವು ಓವಾಲ್ಬುಮಿನ್‌ನಿಂದ ಬರುವ ಉಬ್ಬಸದಿಂದ ಪಾರಾದವು. ಈ ಫಲಿತಾಂಶ 2016ರಲ್ಲಿ ಪ್ರಕಟವಾಯಿತು.

ತಾಯಂದಿರ ಪ್ರಶ್ನೆ

ಇಷ್ಟನ್ನು ಓದಿದವರಿಗೆ ಒಂದು ಆತಂಕ ಸಹಜ. ಇಲಿಗಳಲ್ಲಿ ಅಲರ್ಜಿ ಹುಟ್ಟಿಸುವ ಪಟಿಕ ಮಕ್ಕಳ ಲಸಿಕೆಯಲ್ಲೂ ಇದೆಯಲ್ಲ? ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮತ್ತು ಹೆಪಟೈಟಿಸ್-ಬಿ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುವುದು ನಿಜ. ಆದರೆ ಅಳತೆ ಬೇರೆ. 20 ಗ್ರಾಂ ತೂಕದ ಇಲಿಗೆ ಚುಚ್ಚುವುದು ಒಂದೆರಡು ಮಿಲಿಗ್ರಾಂ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಹಲವು ಕಿಲೋ ತೂಕದ ಮಗುವಿಗೆ ಕೊಡುವ ಒಂದು ಲಸಿಕೆಯಲ್ಲಿ ಅಲ್ಯೂಮಿನಿಯಂ 1.25 ಮಿಲಿಗ್ರಾಂ ದಾಟಬಾರದು ಎಂಬುದು ಯುರೋಪಿನ ಮಿತಿ. ತೂಕಕ್ಕೆ ಹೋಲಿಸಿದರೆ ಇಲಿಗೆ ಸಿಗುವುದು ಹತ್ತಾರು ಪಟ್ಟು ಹೆಚ್ಚು. ಅದೂ ಅಲ್ಲದೆ ಲಸಿಕೆಯಲ್ಲಿ ಪಟಿಕದ ಜೊತೆಗಿರುವುದು ರೋಗಾಣುವಿನ ಅಂಶ, ಪರಾಗವಲ್ಲ. ಇಲಿಯಂತೆ ಮಗುವಿಗೆ ಆಮೇಲೆ ಅದನ್ನೇ ಉಸಿರಾಡಿಸುವುದೂ ಇಲ್ಲ.

ಆದರೂ ತರ್ಕಕ್ಕಿಂತ ಎಣಿಕೆ ಮೇಲು. ಅಮೆರಿಕದಲ್ಲಿ ಸುಮಾರು 3.27 ಲಕ್ಷ ಮಕ್ಕಳ ದಾಖಲೆ ನೋಡಿದ 2022ರ ಅಧ್ಯಯನವೊಂದು ಲಸಿಕೆಯ ಅಲ್ಯೂಮಿನಿಯಂಗೂ ಉಬ್ಬಸಕ್ಕೂ ಸಣ್ಣ ಸಂಬಂಧ ಕಾಣುತ್ತದೆ ಎಂದಿತ್ತು. ಇದರಿಂದಲೇ ಕಾರಣವನ್ನು ನಿರ್ಧರಿಸಲಾಗದು, ಇನ್ನಷ್ಟು ಪರಿಶೀಲನೆ ಬೇಕು ಎಂದು ಅದರ ಕರ್ತೃಗಳೇ ಎಚ್ಚರಿಸಿದ್ದರು. ಆ ಪರಿಶೀಲನೆ ಡೆನ್ಮಾರ್ಕಿನಲ್ಲಿ ನಡೆಯಿತು. 1997ರಿಂದ 2018ರವರೆಗೆ ಹುಟ್ಟಿದ 12 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಬ್ಬಸ, ಅಲರ್ಜಿ ಸೇರಿ 50 ಕಾಯಿಲೆಗಳನ್ನು ಪರೀಕ್ಷಿಸಲಾಯಿತು. ಅಲ್ಯೂಮಿನಿಯಂನಿಂದ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ. ಗಂಟಲಮಾರಿ, ನಾಯಿಕೆಮ್ಮುಗಳ ಅಪಾಯವಾದರೋ ಕಣ್ಣೆದುರಿಗೇ ಇರುವಂಥದ್ದು.

ಕೆಡಿಸಿದ್ದೇ ತಿದ್ದುವ ದಾರಿ

ಸಹವಾಸ ದಿಕ್ಕು ತಪ್ಪಿಸಬಲ್ಲುದಾದರೆ ತಿದ್ದಲೂ ಬಲ್ಲುದಲ್ಲವೇ? 1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್, ಹುಲ್ಲಿನ ಪರಾಗದ ಸಾರವನ್ನು ಏರುವ ಪ್ರಮಾಣದಲ್ಲಿ ರೋಗಿಗಳಿಗೆ ಚುಚ್ಚಿ ಅಲರ್ಜಿಯನ್ನು ಪಳಗಿಸಲು ಹೊರಟ. ಕ್ಷಯದಿಂದ ಆತ 1913ರಲ್ಲಿ ತೀರಿಕೊಂಡರೂ ಗೆಳೆಯ ಜಾನ್ ಫ್ರೀಮನ್ ಅದನ್ನು ಮುಂದುವರಿಸಿದ. ಇಂದಿಗೂ ನಡೆಯುತ್ತಿರುವ ಈ ಚಿಕಿತ್ಸೆಗೆ ಸುಮಾರು ಮೂರು ವರ್ಷ ಬೇಕು. ಯುರೋಪಿನಲ್ಲಿ ಇದರ ಹಲವು ಚುಚ್ಚುಮದ್ದುಗಳಲ್ಲಿ ಇರುವ ಸಹಾಯಕ ದ್ರವ್ಯ ಬೇರಾವುದೂ ಅಲ್ಲ, ಪಟಿಕವೇ!

ಇಲಿಗೆ ಅಲರ್ಜಿ ತರಿಸುವ ವಸ್ತು ಮನುಷ್ಯನ ಅಲರ್ಜಿ ಕಳೆಯುವ ಮದ್ದಿನಲ್ಲಿ ಹೇಗೆ? ಇಲ್ಲೂ ಅಳತೆ ಮತ್ತು ಕಾಲ ಕೆಲಸ ಮಾಡುತ್ತವೆ. ಹೆಚ್ಚು ಪ್ರಮಾಣದ ಪರಾಗ ವರ್ಷಗಟ್ಟಲೆ ಚರ್ಮದಡಿ ಸೇರುತ್ತ ಹೋದಂತೆ, ಐಜಿ-ಇಗೆ ಅಡ್ಡ ನಿಲ್ಲುವ ಬೇರೆ ಪ್ರತಿಕಾಯಗಳು ಹುಟ್ಟುತ್ತವೆ. ಪ್ರತಿಕ್ರಿಯೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ-ಕೋಶಗಳೂ ಬಲಗೊಳ್ಳುತ್ತವೆ. ಈ ನಿಯಂತ್ರಕ ಕೋಶಗಳ ಶೋಧಕ್ಕೇ 2025ರ ವೈದ್ಯಕೀಯ ನೊಬೆಲ್ ಸಂದಿತು. ಅಲರ್ಜಿಯ ದಾರಿಗೆ ಒಲಿಯದ ಬೇರೆ ಸಹಾಯಕರನ್ನು ಹುಡುಕುವ ಯತ್ನವೂ ಸಾಗಿದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ನಿನಿಂದ ವಿಷ ತೆಗೆದು ಮಾಡಿದ ದ್ರವ್ಯವನ್ನು ಕೆಲವು ಪರಾಗ ಚುಚ್ಚುಮದ್ದುಗಳಲ್ಲಿ ಬಳಸಲಾಗಿದೆ. ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನು ಪರಾಗದ ಪ್ರೋಟೀನಿಗೆ ಹೊಲಿದ ಮದ್ದು 2006ರಲ್ಲಿ 25 ಜನರ ಮೇಲಿನ ಪ್ರಯೋಗದಲ್ಲಿ ಆಸೆ ಹುಟ್ಟಿಸಿತು; ಮುಂದಿನ ದೊಡ್ಡ ಪ್ರಯೋಗ ಸ್ಪಷ್ಟ ಉತ್ತರ ಕೊಡಲಿಲ್ಲ.

ಇದೇ ತತ್ತ್ವ ನಮ್ಮವರ ತೋಳಿಗೂ ಬಂದಿಳಿದಿದೆ. 2021ರಲ್ಲಿ ಕರ್ನಾಟಕವೂ ಸೇರಿ ದೇಶದೆಲ್ಲೆಡೆ ನೀಡಿದ ಕೋವ್ಯಾಕ್ಸಿನ್ ಲಸಿಕೆಯಲ್ಲಿದ್ದುದು ಬರಿಯ ಪಟಿಕವಲ್ಲ. ಟೋಲ್ ಗ್ರಾಹಕಗಳನ್ನು ತಟ್ಟಿ ಎಬ್ಬಿಸುವ ಸಣ್ಣ ಅಣುವೊಂದನ್ನು ಪಟಿಕದ ಮೇಲೆ ಕೂರಿಸಲಾಗಿತ್ತು. ಪಟಿಕದ ಬಲವೂ ಇರಲಿ, ಪ್ರತಿಕ್ರಿಯೆ ಎರಡನೆಯ ದಾರಿಗೆ ವಾಲದೆ ಮೊದಲನೆಯ ದಾರಿ ಹಿಡಿಯಲಿ ಎಂಬುದು ಅದರ ಉದ್ದೇಶ.

ರಾಮೊನ್ ಬ್ರೆಡ್ಡಿನ ಪುಡಿ ಬೆರೆಸಿ ಈಗ ನೂರು ವರ್ಷ. ಪರಾಗಕ್ಕೆ, ದೂಳಿಗೆ, ಆಹಾರಕ್ಕೆ ಅಪರಾಧ ಹೊರಿಸುವ ಮೊದಲು ಅವುಗಳ ಜೊತೆಗಾರರನ್ನೂ ವಿಚಾರಿಸಬೇಕು ಎಂಬುದು ಈ ನೂರು ವರ್ಷಗಳ ಪಾಠ. ಹೂವು ಅರಳುವುದನ್ನು ಯಾರೂ ನಿಲ್ಲಿಸಲಾರರು. ಆದರೆ ಅದರ ಪರಾಗದೊಂದಿಗೆ ಮಕ್ಕಳ ಮೂಗಿಗೆ ಡೀಸೆಲ್ ಮಸಿಯೂ ಹೋಗಬೇಕೇ ಎಂಬುದು ಮನುಷ್ಯರ ಕೈಯಲ್ಲೇ ಇರುವ ತೀರ್ಮಾನ.